‘ಇನ್ ಸೈಟು’ ಅಂದ್ರೆ ಕ್ಯಾನ್ಸರಾ, ಅಲ್ವಾ?

ವಾರಕ್ಕೊಂದಾದರೂ ಬಯಾಪ್ಸಿ ರಿಪೋರ್ಟಿನ ಫೋಟೋ ನನ್ನ ವಾಟ್ಸಾಪ್‌ಗೆ ಬರುತ್ತದೆ. ನೆಂಟರದ್ದೋ, ನೆಂಟರ ಪಕ್ಕದ ಮನೆಯವರದ್ದೋ. ‘ಕಾರ್ಸಿನೋಮ ಇನ್ ಸೈಟು’ ಅನ್ನುವ ಸಾಲಿಗೆ ಕೆಂಪು ಗೆರೆ ಎಳೆದಿರುತ್ತಾರೆ. ಕೆಳಗೆ ಪ್ರಶ್ನೆ: “ಮೇಡಂ, ಇದು ಕ್ಯಾನ್ಸರಾ, ಅಲ್ವಾ? ಒಬ್ರು ಡಾಕ್ಟ್ರು ಹೌದು ಅಂದ್ರು, ಇನ್ನೊಬ್ರು ಇನ್ನೂ ಆಗಿಲ್ಲ ಅಂದ್ರು.”

ಇಬ್ಬರೂ ಸುಳ್ಳು ಹೇಳಿಲ್ಲ. ನಾನು ಪೆಥಾಲಜಿಸ್ಟ್, ಬಯಾಪ್ಸಿ ತುಂಡಿನ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ನನ್ನ ಕೆಲಸ. ಇಂಥ ಸ್ಲೈಡ್ ಬಂದಾಗ ನಾನು ಹುಡುಕುವುದು ಒಂದನ್ನೇ. ಗೆರೆ ದಾಟಿದೆಯಾ, ಇಲ್ವಾ?

ಆ ಗೆರೆಯ ಹೆಸರು ಬೇಸ್‌ಮೆಂಟ್ ಮೆಂಬ್ರೇನ್. ಚರ್ಮ, ಬಾಯಿಯ ಒಳಭಾಗ, ಸ್ತನದ ಹಾಲಿನ ನಾಳ, ಗರ್ಭಕೋಶದ ಕೊರಳು, ಎಲ್ಲ ಕಡೆಯೂ ಮೇಲ್ಪದರದ ಜೀವಕೋಶಗಳು ಒಂದು ತೆಳು ಹಾಸಿನ ಮೇಲೆ ಕೂತಿರುತ್ತವೆ. ಹಾಸಿನ ದಪ್ಪ ಸುಮಾರು 50ರಿಂದ 100 ನ್ಯಾನೋಮೀಟರ್, ಅಂದರೆ ಕೂದಲೆಳೆಯ ಹೆಚ್ಚುಕಡಿಮೆ ಸಾವಿರದಲ್ಲೊಂದು ಭಾಗ. ಟೈಪ್ 4 ಕೊಲಾಜನ್‌ನ ಒಂದು ಬಲೆ, ಲ್ಯಾಮಿನಿನ್‌ನ ಇನ್ನೊಂದು ಬಲೆ, ಎರಡನ್ನೂ ಹೊಲಿದ ಹಾಗೆ ಹಿಡಿದಿಡುವ ಬೇರೆ ಪ್ರೋಟೀನುಗಳು. ರಕ್ತನಾಳ, ದುಗ್ಧರಸದ (ಲಿಂಫ್) ನಾಳ ಎಲ್ಲವೂ ಇದರ ಕೆಳಗೆ. ಮೇಲಿನ ಜೀವಕೋಶ ಎಷ್ಟೇ ಕೆಟ್ಟರೂ ಹಾಸು ದಾಟದೆ ಲಿವರಿಗೋ ಶ್ವಾಸಕೋಶಕ್ಕೋ ಹೋಗಲು ದಾರಿಯೇ ಇಲ್ಲ.

ಗದ್ದೆ ನೋಡಿದವರಿಗೆ ಹೇಳುವುದು ಸುಲಭ: ಇದು ಬದು. ಏಡಿ ಬದುವಿನಲ್ಲಿ ಬಿಲ ಕೊರೆದರೆ ಬೆಳಗಾಗುವುದರೊಳಗೆ ನೀರು ಕೆಳಗಿನ ಗದ್ದೆಗೆ ಇಳಿದಿರುತ್ತದೆ. ಕ್ಯಾನ್ಸರಿಗೆ ಕನ್ನಡದಲ್ಲಿ ‘ಏಡಿಗಂತಿ’ ಅಂತ ಹೆಸರಿದೆಯಲ್ಲ, ಈ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. (ಏಡಿಯ ಹೆಸರಿಟ್ಟ ಗ್ರೀಕರಿಗೆ ಬದುವಿನ ಯೋಚನೆ ಇರಲಿಲ್ಲ ಬಿಡಿ, ಗಡ್ಡೆಯ ಸುತ್ತ ಉಬ್ಬಿದ ನಾಳಗಳು ಏಡಿ ಕಾಲಿನ ಹಾಗೆ ಕಂಡವಂತೆ.)

‘ಇನ್ ಸೈಟು’ ಅಂದರೆ ಇದ್ದ ಜಾಗದಲ್ಲೇ ಇದೆ ಅಂತ. ಜೀವಕೋಶ ನೋಡಲು ಕ್ಯಾನ್ಸರಿನದೇ, ನ್ಯೂಕ್ಲಿಯಸ್ ದೊಡ್ಡದಾಗಿದೆ, ಅಡ್ಡಾದಿಡ್ಡಿ ಬೆಳೆದಿದೆ, ಆದರೆ ಬದು ಇನ್ನೂ ಒಡೆದಿಲ್ಲ. 1932ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಆಲ್ಬರ್ಟ್ ಬ್ರಾಡರ್ಸ್ ಈ ಹೆಸರನ್ನು ಬಳಕೆಗೆ ತಂದರು. ಜೀವಕೋಶದ ಮುಖ ನೋಡಿ ಹೇಳಿದ ಡಾಕ್ಟರು ಕ್ಯಾನ್ಸರ್ ಅಂದರು, ಬದು ನೋಡಿ ಹೇಳಿದವರು ಇನ್ನೂ ಆಗಿಲ್ಲ ಅಂದರು, ಅಷ್ಟೇ.

ಇಲ್ಲಿಗೇ ಬಿಟ್ಟರೆ ಅರ್ಧ ಸುಳ್ಳು ಹೇಳಿದ ಹಾಗಾಗುತ್ತದೆ. ಯಾಕೆಂದರೆ ಬದು ಒಡೆಯುವುದು ನಾವು ಅಂದುಕೊಂಡಷ್ಟು ಸರಳವಾಗಿಲ್ಲ. 1980ರಲ್ಲಿ ಅಮೆರಿಕದ ವಿಜ್ಞಾನಿ ಲ್ಯಾನ್ಸ್ ಲಿಯೋಟಾ ಮತ್ತು ಜೊತೆಗಾರರು ಇಲಿಗಳ ಗಡ್ಡೆಗಳಲ್ಲಿ ಒಂದು ಸಂಗತಿ ತೋರಿಸಿದರು. ಜಾಸ್ತಿ ಹರಡುವ ಗಡ್ಡೆ ಟೈಪ್ 4 ಕೊಲಾಜನ್ ಅನ್ನು ಜಾಸ್ತಿ ಕರಗಿಸುತ್ತದೆ. ಹೀಗೆ ಕರಗಿಸುವ ಕತ್ತರಿಗಳು ಒಂದು ಬಗೆಯ ಕಿಣ್ವಗಳು (ಎನ್‌ಜೈಮ್), ಅವುಗಳಿಗೆ ಎಂಎಂಪಿ ಎಂದು ಹೆಸರು. ಕತ್ತರಿ ಕಟ್ಟಿಹಾಕಿದರೆ ಕ್ಯಾನ್ಸರ್ ನಿಲ್ಲುತ್ತದೆ ಎಂದು ಎಲ್ಲರಿಗೂ ಅನ್ನಿಸಿತು, ತೊಂಬತ್ತರ ದಶಕದಲ್ಲಿ ಮರಿಮಾಸ್ಟಾಟ್‌ನಂಥ ಮಾತ್ರೆಗಳು ಬಂದವು, ರೋಗಿಗಳಿಗೆ ಕೀಲು ನೋವು ಬಂತು, ಬಯಸಿದ ಫಲ ಮಾತ್ರ ಬರಲಿಲ್ಲ. ಆ ರೋಗಿಗಳಲ್ಲಿ ಬಹುತೇಕರಿಗೆ ಬದು ಒಡೆದು ಎಷ್ಟೋ ಕಾಲವಾಗಿತ್ತು. ನೀರು ಹೋದ ಮೇಲೆ ಬಿಲ ಮುಚ್ಚಿದ ಹಾಗೆ. ಮೇಲಾಗಿ ಆ ಕತ್ತರಿಗಳಿಗೆ ದೇಹದಲ್ಲಿ ಬೇರೆ ಕೆಲಸಗಳೂ ಇವೆ.

ನನಗೆ ತುಂಬಾ ಇಷ್ಟವಾದದ್ದು ಒಂದು ಹುಳುವಿನ ಕಥೆ. ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರಿನ ಹುಳು ಬೆಳೆಯುವಾಗ, ಮೊಟ್ಟೆ ಇಡುವ ದಾರಿ ಆಗಬೇಕಾದರೆ ಒಂದು ಜೀವಕೋಶ ಈ ಹಾಸನ್ನು ತೂರಿಕೊಂಡು ಹೋಗಲೇಬೇಕು. ಆ ದಾಟುವಿಕೆಯ ಹೊತ್ತಿನಲ್ಲಿ ಕೆಲಸ ಮಾಡುವ ಎಂಎಂಪಿ ಜೀನುಗಳನ್ನೆಲ್ಲ ತೆಗೆದು ನೋಡಿದ ಅಧ್ಯಯನ 2019ರಲ್ಲಿ ಬಂತು. ಕತ್ತರಿ ಇಲ್ಲದೆಯೂ ಅದು ದಾಟಿತು! ನಿಧಾನವಾಗಿ, ಮೈಬಲದಿಂದ ನೂಕಿಕೊಂಡು. ಮಾತ್ರೆಗಳು ಯಾಕೆ ಸೋತವು ಅನ್ನುವುದಕ್ಕೆ ಈ ಹುಳುವೂ ಒಂದು ಉತ್ತರ ಕೊಡುತ್ತದೆ ಅಂತ ನನ್ನ ಲೆಕ್ಕ.

ಇನ್ನೊಂದು ವಿಚಿತ್ರ ಇದೆ. ಬದು ಒಡೆಯುವ ಏಡಿಯೇ ಬದು ಕಟ್ಟುವುದೂ ಉಂಟು. ಬಾಯಿ ಕ್ಯಾನ್ಸರ್ ಒಳಗೆ ನುಗ್ಗುವ ತುದಿಯಲ್ಲಿ ನೋಡಿದರೆ ಮುಂದಿನ ಸಾಲಿನ ಜೀವಕೋಶಗಳ ಹೊಟ್ಟೆಯಲ್ಲೇ ಲ್ಯಾಮಿನಿನ್‌ನ ಒಂದು ತುಂಡು ತುಂಬಿರುತ್ತದೆ. ಜೊಲ್ಲುಗ್ರಂಥಿಯಲ್ಲಿ ಬರುವ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬ ಕ್ಯಾನ್ಸರ್ ಅಂತೂ ತನ್ನ ಮಧ್ಯೆ ಸಣ್ಣ ಸಣ್ಣ ಗುಂಡಿ ಮಾಡಿಕೊಂಡು ಅದರೊಳಗೆ ಇದೇ ಹಾಸಿನ ಸಾಮಾನು ರಾಶಿ ಹಾಕಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ಜಾಣರು ಕೇಳುತ್ತಾರೆ: “ಹಾಗಾದ್ರೆ ಸೂಜಿ ಚುಚ್ಚಿ ಬಯಾಪ್ಸಿ ಮಾಡಿದ್ರೆ ನೀವೇ ಬದು ಒಡೆದ ಹಾಗಲ್ವಾ?” ಒಳ್ಳೆ ಪ್ರಶ್ನೆ. ಸೂಜಿಯ ದಾರಿಯಲ್ಲಿ ನಾಲ್ಕು ಜೀವಕೋಶ ಸರಿದು ಬೀಳುವುದು ಉಂಟು, ಸ್ಲೈಡಿನಲ್ಲಿ ನಾವೇ ನೋಡಿದ್ದೇವೆ. ಆದರೆ ತೂತು ಸಿಕ್ಕಿದ ಮಾತ್ರಕ್ಕೆ ಹರಡಲು ಆಗುವುದಿಲ್ಲ. ಹಾಸಿನಿಂದ ಕಿತ್ತು ಬಂದ ಜೀವಕೋಶ ಸಾಮಾನ್ಯವಾಗಿ ಸಾಯುತ್ತದೆ, ಬದುಕಿರಲು ಬೇಕಾದ ಸೂಚನೆ ಅದಕ್ಕೆ ಹಾಸಿನಿಂದಲೇ ಬರಬೇಕು. ಆ ಅವಲಂಬನೆ ಬಿಟ್ಟು ಬದುಕಲು ಕಲಿತ ಜೀವಕೋಶಕ್ಕೆ ನಮ್ಮ ಸೂಜಿಯ ಸಹಾಯ ಬೇಕಿಲ್ಲ. ದಯವಿಟ್ಟು ಈ ಹೆದರಿಕೆಗೆ ಬಯಾಪ್ಸಿ ಮುಂದೂಡಬೇಡಿ.

ಬದು ದಾಟಿದೆ ಅಂತಾದರೆ ಮುಂದಿನ ಪ್ರಶ್ನೆ, ಎಷ್ಟು ಆಳಕ್ಕೆ? ಅಡಿಕೆ, ಗುಟ್ಕಾ ಜಗಿಯುವವರು ತುಂಬಿರುವ ನಮ್ಮ ಕಡೆ ಬಾಯಿ ಕ್ಯಾನ್ಸರಿನಲ್ಲಿ ಈ ಅಳತೆ ದಿನವೂ ಬೇಕು. ಪಕ್ಕದ ಚೆನ್ನಾಗಿರುವ ಜಾಗದ ಬೇಸ್‌ಮೆಂಟ್ ಮೆಂಬ್ರೇನ್ ಮಟ್ಟದಿಂದ ಕೆಳಕ್ಕೆ ಎಷ್ಟು ಮಿಲಿಮೀಟರ್ ಇಳಿದಿದೆ ಅಂತ ಅಳೆಯುತ್ತೇವೆ. 2018ರಿಂದ ಅಮೆರಿಕದಲ್ಲಿ ಜಾರಿಗೆ ಬಂದು ನಾವೂ ಬಳಸುವ ಸ್ಟೇಜಿಂಗ್ ಪ್ರಕಾರ, ಗಡ್ಡೆ ಅಗಲದಲ್ಲಿ ಚಿಕ್ಕದಿದ್ದರೂ ಆಳ 5 ಮಿಲಿಮೀಟರ್ ಮೀರಿದರೆ ಸ್ಟೇಜಿನ ಲೆಕ್ಕ ಬದಲಾಗುತ್ತದೆ.

ಒಂದು ಎಚ್ಚರಿಕೆ. ಸೂಜಿಯಲ್ಲಿ ಬಂದದ್ದು ಸಣ್ಣ ಎಳೆ. ಆ ಎಳೆಯಲ್ಲಿ ಬದು ಗಟ್ಟಿಯಿದೆ ಅಂದರೆ ಇಡೀ ಗದ್ದೆಯ ಬದು ಗಟ್ಟಿಯಿದೆ ಅಂತ ಅಲ್ಲ. ಸ್ತನದ ವಿಷಯದಲ್ಲಿ, ಸೂಜಿ ಬಯಾಪ್ಸಿಯಲ್ಲಿ ‘ಇನ್ ಸೈಟು’ ಅಂತ ಬಂದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಪರೇಷನ್ ಆದ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ದಾಟಿರುವುದು ಕಾಣುತ್ತದೆ.

ಹಾಗಾಗಿ ಫೋಟೋ ಕಳಿಸುವಾಗ ಕೆಂಪು ಗೆರೆ ಎಳೆದ ಸಾಲೊಂದನ್ನೇ ಕಳಿಸಬೇಡಿ, ಪೂರ್ತಿ ರಿಪೋರ್ಟ್ ಕಳಿಸಿ. ತುಂಡು ಸೂಜಿಯದ್ದಾ, ಆಪರೇಷನ್ನಿನದ್ದಾ ಅಂತ ಮೇಲ್ಗಡೆ ಬರೆದಿರುತ್ತದೆ. ನಾನು ಮೊದಲು ನೋಡುವುದು ಅದನ್ನೇ.