ಸೆಕೆಂಡ್‌ಹ್ಯಾಂಡ್ ಸಿಂಥ್ ತಗೊಳ್ಳೋ ಮುಂಚೆ ಪ್ಲಗಿನ್ ಕಥೆ ಕೇಳಿ

ಹಳೇ ಸಿಂಥ್ (ಸಿಂಥಸೈಸರ್, ಎಲೆಕ್ಟ್ರಾನಿಕ್ ಆಗಿ ಸೌಂಡ್ ಹುಟ್ಟಿಸೋ ವಾದ್ಯ) ಮಾರೋರು "ಫುಲ್ ವರ್ಕಿಂಗ್ ಕಂಡೀಶನ್" ಅಂತ ಹಾಕಿರ್ತಾರೆ, ಕೀ, ನಾಬ್, ಡಿಸ್‌ಪ್ಲೇ ಎಲ್ಲಾ ಸರಿಯಾಗೇ ಇರತ್ತೆ, ಸುಳ್ಳೇನಲ್ಲ. ಆದ್ರೆ ಜೊತೇಲಿ ಬಂದಿದ್ದ ಪ್ಲಗಿನ್ (ಮ್ಯೂಸಿಕ್ ಸಾಫ್ಟ್‌ವೇರ್ ಒಳಗೆ ಸೇರ್ಕೊಂಡು ಓಡೋ ಪುಟ್ಟ ಪ್ರೋಗ್ರಾಮ್) ಈಗಿನ ಕಂಪ್ಯೂಟರಲ್ಲಿ ಓಡತ್ತಾ ಅಂತ ಅವರೂ ಹೇಳಲ್ಲ, ನಾವೂ ಕೇಳಲ್ಲ.

ವೈರಸ್ ಟಿಐ ಅನ್ನೋ ಸಿಂಥ್, ಆಮೇಲೆ ಎಲೆಕ್ಟ್ರಾನ್ ಕಂಪನಿಯವರ ಓವರ್‌ಬ್ರಿಡ್ಜ್ ಅನ್ನೋ ಸಾಫ್ಟ್‌ವೇರ್, ಇವೆಲ್ಲ ಬಂದಾಗ ಐಡಿಯಾ ಸಖತ್ತಾಗೇ ಇತ್ತು. ಯುಎಸ್‌ಬಿ ಕೇಬಲ್ ಚುಚ್ಚಿದ್ರೆ ಇಡೀ ಹಾರ್ಡ್‌ವೇರು ಡಿಎಡಬ್ಲ್ಯೂ (ಕಂಪ್ಯೂಟರಲ್ಲಿ ಮ್ಯೂಸಿಕ್ ರೆಕಾರ್ಡ್ ಮಾಡೋ ಸಾಫ್ಟ್‌ವೇರ್) ಒಳಗೆ ಪ್ಲಗಿನ್ ಥರ ಕೂತ್ಕೊಳತ್ತೆ, ಪ್ರಾಜೆಕ್ಟ್ ಓಪನ್ ಮಾಡಿದ್ರೆ ಸೌಂಡೂ ಅದೇ ವಾಪಸ್ ಬರತ್ತೆ. ತೊಂದರೆ ಏನಂದ್ರೆ ಆ ಪ್ಲಗಿನ್ ಯಾವುದೋ ಒಂದು ಫಾರ್ಮ್ಯಾಟಲ್ಲಿ ಇರ್ಲೇಬೇಕಲ್ಲ. ಲಾಜಿಕ್ ಅನ್ನೋ ಡಿಎಡಬ್ಲ್ಯೂಗೆ ಎಯು ಫಾರ್ಮ್ಯಾಟ್ ಬಿಟ್ರೆ ಬೇರೆ ಆಗಲ್ಲ, ಪ್ರೊ ಟೂಲ್ಸ್ ಅನ್ನೋದಕ್ಕೆ ಎಎಎಕ್ಸೇ ಬೇಕು, ವಿಎಸ್‌ಟಿ2 ಅನ್ನೋ ಫಾರ್ಮ್ಯಾಟಲ್ಲಿ ಪ್ಲಗಿನ್ ಮಾಡೋಕೆ ಬೇಕಾದ ಎಸ್‌ಡಿಕೆ (ಡೆವಲಪರ್ ಕಿಟ್) ಕೊಡೋದನ್ನ 2018ರಲ್ಲಿ ಅದರ ಕಂಪನಿ ಸ್ಟೈನ್‌ಬರ್ಗ್ ನಿಲ್ಲಿಸ್ತು, 2019ರಲ್ಲಿ ಮ್ಯಾಕ್‌ನ ಕ್ಯಾಟಲೀನಾ ವರ್ಶನ್ ಬಂದು ಹಳೇ 32 ಬಿಟ್ ಪ್ರೋಗ್ರಾಮೆಲ್ಲ ಓಡದಂಗಾಯ್ತು, 2022ರಲ್ಲಿ ಕ್ಲಾಪ್ ಅಂತ ಇನ್ನೊಂದು ಫಾರ್ಮ್ಯಾಟ್ ಬೇರೆ ಬಂತು. ಪ್ರೊಡಕ್ಷನ್ನೇ ನಿಂತೋಗಿರೋ ಸಿಂಥ್‌ಗೋಸ್ಕರ ಇದರ ಹಿಂದೆಲ್ಲಾ ಯಾವ ಕಂಪನಿ ಓಡತ್ತೆ ಹೇಳಿ.

ಈಗ 1983ರ ಯಮಾಹಾ ಡಿಎಕ್ಸ್7 ನೋಡಿ. ಅದರಲ್ಲಿ ಯುಎಸ್‌ಬಿನೂ ಇಲ್ಲ, ಪ್ಲಗಿನ್ನೂ ಇಲ್ಲ, ಇರೋದು ಬರೀ ಮಿಡಿ (ವಾದ್ಯಗಳು ಒಂದಕ್ಕೊಂದು ನೋಟ್, ಸೆಟ್ಟಿಂಗ್ ಕಳಿಸೋ ಕನೆಕ್ಷನ್). ಆದ್ರೆ ಅದರ ಸಿಸೆಕ್ಸ್ (ಸೌಂಡ್ ಸೆಟ್ಟಿಂಗನ್ನ ಮಿಡಿಲಿ ಕಳಿಸೋ, ಆಯಾ ಕಂಪನಿಯದೇ ಮೆಸೇಜು) ಫಾರ್ಮ್ಯಾಟ್ ಎಲ್ಲರಿಗೂ ಗೊತ್ತು: 32 ವಾಯ್ಸ್ ಅಂದ್ರೆ ಸೌಂಡು, ಒಂದೊಂದಕ್ಕೆ 128 ಬೈಟ್, ಹಿಂದೆ ಮುಂದೆ ಒಂದಿಷ್ಟು ಸೇರಿ ಒಟ್ಟು 4104 ಬೈಟ್. ಮಿಡಿ ಸ್ಪೀಡಲ್ಲಿ ಒಂದೂಕಾಲು ಸೆಕೆಂಡ್ ಚಿಲ್ರೆ, ಈ 32ರ ಇಡೀ ಬ್ಯಾಂಕ್ ಹೋಗಿಬಿಡತ್ತೆ. ಇದನ್ನ ನೋಡ್ಕೊಂಡೇ ಡೆಕ್ಸೆಡ್ ಅಂತ ಫ್ರೀ ಪ್ಲಗಿನ್ ಮಾಡಿದಾರೆ, ಅದೇ ಹಳೇ ಫೈಲ್ ಓದತ್ತೆ, ತಾನೇ ಸೌಂಡೂ ಮಾಡತ್ತೆ, ನಿಜವಾದ ಡಿಎಕ್ಸ್7ಗೆ ಪ್ಯಾಚೂ (ಸೌಂಡಿನ ಸೆಟ್ಟಿಂಗು) ಕಳಿಸತ್ತೆ. ಕಳ್ಸೋದಕ್ಕೆ ಅದು ಡಿಎಡಬ್ಲ್ಯೂನ ನೆಚ್ಕೊಳ್ಳಲ್ಲ, ಸೆಟ್ಟಿಂಗ್ಸಲ್ಲಿ ಮಿಡಿ ಪೋರ್ಟನ್ನ ನೇರ ತಾನೇ ಹಿಡ್ಕೊಳತ್ತೆ, ಅದು ಜಾಣತನ ಯಾಕಂದ್ರೆ ವಿಎಸ್‌ಟಿ3ರಲ್ಲಿ ಸಾದಾ ಸಿಸಿ ಮೆಸೇಜು (ನಾಬ್ ತಿರುಗಿಸಿದಾಗ ಹೋಗೋ ಥರದ ಮಿಡಿ ಮೆಸೇಜು) ಕೂಡ ನೆಟ್ಟಗೆ ಪ್ಲಗಿನ್‌ಗೆ ತಲುಪಲ್ಲ, ಹೋಸ್ಟ್ (ಅಂದ್ರೆ ಡಿಎಡಬ್ಲ್ಯೂ) ಅದನ್ನ ಪ್ಯಾರಾಮೀಟರ್ ಮಾಡಿ ಕೊಡತ್ತೆ.

ಹಂಗಾಗಿ ನಾನು ಮಾರೋರನ್ನ ಕೇಳೋದು ಇಷ್ಟು: ಮ್ಯಾನ್ಯುಯಲ್ ಹಿಂದ್ಗಡೆ ಮಿಡಿ ಇಂಪ್ಲಿಮೆಂಟೇಶನ್ ಚಾರ್ಟ್ (ಯಾವ್ಯಾವ ಮಿಡಿ ಮೆಸೇಜು ನಡಿಯತ್ತೆ ಅನ್ನೋ ಪಟ್ಟಿ) ಇದೆಯಾ, ಸಿಸೆಕ್ಸ್ ಡಂಪ್ (ಒಳಗಿನ ಸೌಂಡ್ ಸೆಟ್ಟಿಂಗೆಲ್ಲ) ಆಚೆ ಬರತ್ತಾ, ಯುಎಸ್‌ಬಿ ಇದ್ರೆ ಡ್ರೈವರ್ ಇಲ್ದೇ ನಡಿಯತ್ತಾ. ಮೂರಕ್ಕೂ ಹೂಂ ಅಂದ್ರೆ ಪ್ಲಗಿನ್ ಇಲ್ದಿದ್ರೂ ಚಿಂತೆ ಇಲ್ಲ. ಬರೀ "ಎಡಿಟರ್ ಸಾಫ್ಟ್‌ವೇರ್ ಇದೆ ಸರ್" ಅಂದ್ರೆ ಯಾವ ವರ್ಷದ್ದು ಅಂತ ಕೇಳಿ, ಅಲ್ಲೇ ಅರ್ಧ ಬೆಲೆಗೆ ಇಳೀತಾರೆ.

ಡಿಎಕ್ಸ್7ಗೆ ಬ್ಯಾಂಕ್ ಹೋಗ್ತಿಲ್ಲ ಅಂದ್ರೆ ಮೊದ್ಲು ಮೆಮೊರಿ ಪ್ರೊಟೆಕ್ಟ್ ಆಫ್ ಮಾಡಿ, ಸಿಸ್ ಇನ್ಫೋ ಅವೈಲಬಲ್ ಅಂತ ಬರೋ ಹಂಗೆ ಇಡಿ. ಆಮೇಲೂ ಆಗ್ಲಿಲ್ವಾ, ಆ ಅಗ್ಗದ ಯುಎಸ್‌ಬಿ ಮಿಡಿ ಕೇಬಲ್ ಬಿಸಾಕಿ, ಅಂಥವು ಎಷ್ಟೋ ಸಲ ಉದ್ದದ ಸಿಸೆಕ್ಸನ್ನ ಮಧ್ಯದಲ್ಲೇ ನುಂಗಿಬಿಡ್ತವೆ.