ಕತ್ತಲಲ್ಲಿ ಹೊಳೆಯೋ ಕೊಂಬೆ

ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು, ಶಿರಸಿ ಮಳೆ ಗೊತ್ತಲ್ಲ, ಅಡಿಕೆ ತೋಟದ ಅಂಚಲ್ಲಿ ಒಂದು ಕೊಳೆತ ಕೊಂಬೆ ತಿಳಿ ಹಸಿರಾಗಿ ಹೊಳೀತಾ ಬಿದ್ದಿತ್ತು, ಎತ್ಕೊಂಡು ಮುಖದ ಹತ್ರ ಹಿಡಿದ್ರೆ ಬರೀ ಅಣಬೆ ವಾಸನೆ, ಬಿಸಿ ಚೂರೂ ಇಲ್ಲ.

ಹಳೇ ಕಾಲದ ವಿಜ್ಞಾನಿ ರಾಬರ್ಟ್ ಬಾಯ್ಲ್ ನೆನಪಾದ. 1667ರಲ್ಲಿ ಇಂಥದ್ದೇ ಕಟ್ಟಿಗೆ ಚೂರನ್ನ ಗಾಜಿನ ಪಾತ್ರೇಲಿಟ್ಟು ಪಂಪಿಂದ ಗಾಳಿ ಎಳೆದ, ಬೆಳಕು ಹೋಯ್ತು, ಗಾಳಿ ಬಿಟ್ಟ, ಮತ್ತೆ ಬಂತು! ಕಟ್ಟಿಗೇಲಿರೋ ಅಣಬೆ ಹೊಳೆಯೋಕೆ ಆಕ್ಸಿಜನ್ ಬೇಕು, ಆದ್ರೆ ಆಕ್ಸಿಜನ್ ಅನ್ನೋ ಹೆಸರೇ ಇಲ್ಲದ ಕಾಲ ಅದು. 1672ರಲ್ಲಂತೂ ಉಗ್ರಾಣದಲ್ಲಿಟ್ಟ ಕರುವಿನ ಮಾಂಸ ಹೊಳೆಯೋದು ನೋಡಿ ಮನೆ ಆಳು ಹೆದರಿದ್ರೆ, ಈ ಮನುಷ್ಯ ಮಲಗೋ ಹೊತ್ತಲ್ಲಿ, ನೆಗಡಿ ಬೇರೆ, ಅದನ್ನ ತರಿಸ್ಕೊಂಡು ಇಪ್ಪತ್ತಕ್ಕೂ ಹೆಚ್ಚು ಕಡೆ ಹೊಳೀತಿದೆ ಅಂತ ಬರೆದಿಟ್ಟ. ಈ ಕುತೂಹಲ ನಂಗೆ ತುಂಬಾ ಇಷ್ಟ.

ಕೊಂಬೆನ ಒದ್ದೆ ಬಾಳೆ ಎಲೇಲಿ ಸುತ್ತಿಟ್ಟಿದೀನಿ, ಇವತ್ತು ರಾತ್ರಿ ಮತ್ತೆ ನೋಡ್ಬೇಕು.