ಬಡ್ಡಿ ಕಟ್ಟಿದ್ದು ಬ್ಯಾಂಕಿಗೆ, 94ಬಿ ಬಂದದ್ದು ಗ್ಯಾರಂಟಿಯಿಂದ

ನಮ್ಮ ಕ್ಲೈಂಟ್ ಒಬ್ಬರಿಗೆ ಈ ಸಲ ಸುಮಾರು 75 ಲಕ್ಷ ರೂಪಾಯಿ ಟ್ಯಾಕ್ಸ್ ಜಾಸ್ತಿ ಬಿತ್ತು. ಸಾಲದ ಪತ್ರದಲ್ಲಿದ್ದ ಒಂದೇ ಒಂದು ಸಾಲು ಅದಕ್ಕೆ ಕಾರಣ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 94ಬಿ, ಹೊರದೇಶದ ಸಂಬಂಧಿತ ಕಂಪನಿಯ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಒಂದು ಮಿತಿಯವರೆಗೆ ಮಾತ್ರ ಖರ್ಚೆಂದು ಕಳೆಯಲು ಬಿಡುತ್ತದೆ; ಆ ಸಾಲು ಇವರನ್ನು ಅದರೊಳಗೆ ತಂದಿತು. ನನಗೆ ಇನ್ನೂ ಸಂಕಟವಾಗುತ್ತದೆ.

ಕಂಪನಿ ಇಲ್ಲಿನದು, ಪೇರೆಂಟ್ (ಮಾತೃ ಕಂಪನಿ) ಹೊರದೇಶದ್ದು. ಸಾಲ ಕೊಟ್ಟದ್ದು ಪೇರೆಂಟ್ ಅಲ್ಲ, ಒಂದು ವಿದೇಶಿ ಬ್ಯಾಂಕ್. ನಮ್ಮ ಚೆಕ್‌ಲಿಸ್ಟ್ ಟೂಲ್ ಕೇಳುವುದು ‘ಎಇ ಸಾಲ ಇದೆಯಾ?’ ಎಂದಷ್ಟೇ. ಎಇ ಅಂದರೆ ಸಂಬಂಧಿತ ಕಂಪನಿ. ‘ಇಲ್ಲ’ ಎಂದು ಟಿಕ್ ಆದ ಕೂಡಲೇ ಟ್ಯಾಕ್ಸ್ ಆಡಿಟ್ ವರದಿ 3ಸಿಡಿಯಲ್ಲಿ ಈ ಬಡ್ಡಿಯ ವಿವರ ಬರೆಯುವ ಕ್ಲಾಸ್ 30ಬಿ ತಾನಾಗಿ ಖಾಲಿ ಬಿದ್ದಿತ್ತು.

ಹೊರದೇಶದ ಸಂಬಂಧಿತ ಕಂಪನಿಗಳ ಜೊತೆಗಿನ ವ್ಯವಹಾರದ ವರದಿ 3ಸಿಇಬಿ ಮಾಡುತ್ತಿದ್ದ ಟಿಪಿ (ಟ್ರಾನ್ಸ್‌ಫರ್ ಪ್ರೈಸಿಂಗ್) ಟೀಮಿನ ಹುಡುಗಿ ಬಂದು, ‘ಗ್ಯಾರಂಟಿ ಫೀ ಕಟ್ಟಿದ್ದಾರಾ?’ ಎಂದು ಕೇಳಿದಳು. ಯಾವ ಗ್ಯಾರಂಟಿ? ಸ್ಯಾಂಕ್ಷನ್ ಲೆಟರ್ ತೆಗೆಸಿದೆವು. ಸೆಕ್ಯುರಿಟಿ ಎಂಬ ತಲೆಬರಹದ ಕೆಳಗೆ, ಎರಡು ಅಡಮಾನಗಳ ನಡುವೆ, ‘ಪೇರೆಂಟ್‌ನ ಕಾರ್ಪೊರೇಟ್ ಗ್ಯಾರಂಟಿ’ ಎಂದಿತ್ತು. ಯಾರೂ ಮಾತಾಡಲಿಲ್ಲ. ಗ್ಯಾರಂಟಿ ಇದ್ದರೆ ಬ್ಯಾಂಕಿನ ಸಾಲವನ್ನೂ ಎಇ ಸಾಲವೆಂದೇ ಎಣಿಸಬೇಕು. ಕಾಗದದಲ್ಲಿ ಬರೆಯದೆ ಬೆನ್ನಿಗೆ ನಿಂತರೂ ಅಷ್ಟೇ, ಸೆಕ್ಷನ್ ಅದನ್ನೂ ಹಿಡಿಯುತ್ತದೆ.

ಲೆಕ್ಕ ಅಲ್ಲೇ ಆಯಿತು. ವರ್ಷದ ಬಡ್ಡಿ 9 ಕೋಟಿ. ಸೆಕ್ಷನ್ ಅನ್ವಯಿಸುವ 1 ಕೋಟಿಯ ಗಡಿ ದಾಟಿ ಎಷ್ಟೋ ಮುಂದಿದೆ. ಎಬಿಟ್ಡಾ (ಬಡ್ಡಿ, ಟ್ಯಾಕ್ಸ್, ಸವಕಳಿ ಕಳೆಯುವ ಮುಂಚಿನ ಗಳಿಕೆ) 20 ಕೋಟಿ, ಮಿತಿ ಅದರ ಶೇ 30, ಅಂದರೆ 6 ಕೋಟಿ. ಉಳಿದ 3 ಕೋಟಿಗೆ ಕತ್ತರಿ, ಅದು ಖರ್ಚೆಂದು ಕಳೆಯಲಾಗದೆ ಟ್ಯಾಕ್ಸ್‌ಗೆ ಬಿತ್ತು. ಹಿಂದಿನ ವರ್ಷ ಎಬಿಟ್ಡಾ 32 ಕೋಟಿ ಇತ್ತು, ಇದೇ ಬಡ್ಡಿ ಪೂರ್ತಿ ಒಳಗೆ ಕೂರುತ್ತಿತ್ತು. ವ್ಯಾಪಾರ ಬಿದ್ದ ವರ್ಷವೇ ಮಿತಿಯೂ ಬೀಳುತ್ತದೆ. ಕೈ ಬಿಗಿಯಾದಾಗಲೇ ಟ್ಯಾಕ್ಸ್ ಏರುವ ಕಾನೂನು ಇದು, ನನಗಂತೂ ಸರಿ ಕಾಣುವುದಿಲ್ಲ. ಲಾಭವನ್ನು ಬಡ್ಡಿ ರೂಪದಲ್ಲಿ ಹೊರಗೆ ಸಾಗಿಸುವುದನ್ನು ತಡೆಯಲು 2017ರಲ್ಲಿ ತಂದದ್ದು. ಶ್ರೀಮಂತ ದೇಶಗಳ ಕೂಟ ಒಇಸಿಡಿ ಹೇಳಿದ್ದು ಶೇ 10ರಿಂದ 30, ನಾವು ಮೇಲಿನ ತುದಿಯನ್ನೇ ಹಿಡಿದೆವು, ನಿಜ. ಆದರೆ ಇಡೀ ಗ್ರೂಪಿನ ಸಾಲದ ಪ್ರಮಾಣ ನೋಡಿ ರಿಯಾಯಿತಿ ಕೊಡುವ ದಾರಿಯನ್ನು ಇಡಲಿಲ್ಲ.

ಫೈನಾನ್ಸ್ ಹೆಡ್‌ಗೆ ಫೋನ್ ಮಾಡಿದಾಗ ಆ ಕಡೆ ತುಂಬಾ ಹೊತ್ತು ಸದ್ದೇ ಇಲ್ಲ. ಆಮೇಲೆ ಒಂದೊಂದೇ ಪ್ರಶ್ನೆ. ಇತರೆ ಆದಾಯವನ್ನು ಎಬಿಟ್ಡಾಗೆ ಸೇರಿಸಬಹುದಲ್ವಾ? ಸೆಕ್ಷನ್‌ನಲ್ಲಿ ಎಬಿಟ್ಡಾಗೆ ವ್ಯಾಖ್ಯಾನವೇ ಇಲ್ಲ, ವಾದ ಮಾಡಬಹುದು. ಆದರೆ ಇವರ ಇತರೆ ಆದಾಯ ಆಗಲೇ ಆ 20 ಕೋಟಿಯೊಳಗಿತ್ತು. ‘ಹೋಗಲಿ, ಎಂಟು ವರ್ಷ ಕ್ಯಾರಿ ಫಾರ್ವರ್ಡ್ ಇದೆಯಲ್ಲ’ ಎಂದರು, ಅಂದರೆ ಕತ್ತರಿಸಿದ ಬಡ್ಡಿಯನ್ನು ಮುಂದಿನ ವರ್ಷಗಳಿಗೆ ಒಯ್ಯುವ ದಾರಿ. ಇದೆ. ಆದರೆ ಮುಂದಿನ ವರ್ಷಗಳಲ್ಲಿ ಮಿತಿಯೊಳಗೆ ಜಾಗ ಉಳಿದರೆ ತಾನೇ ಅದು ಬರುವುದು? ಅವರದೇ ಬಜೆಟ್ ಹಾಕಿ ನೋಡಿದರೆ ಮುಂದಿನ ಎರಡು ವರ್ಷವೂ ಜಾಗವಿಲ್ಲ. ಅದನ್ನು ಅವತ್ತೇ ಹೇಳಿದೆ. ಮುಂದೆ ಉಳಿಯಬಹುದಾದ ಟ್ಯಾಕ್ಸನ್ನು ಈಗಲೇ ಡೆಫರ್ಡ್ ಟ್ಯಾಕ್ಸ್ ಅಸೆಟ್ ಎಂದು ಬುಕ್ ಮಾಡಿ ಸಮಾಧಾನ ಪಟ್ಟುಕೊಳ್ಳುವುದು ಸುಲಭ, ಆಡಿಟರ್ ಒಪ್ಪಬೇಕಲ್ಲ.

ಸಾಲಕ್ಕೆ ಸಹಿ ಹಾಕುವ ಮುಂಚೆ ಟರ್ಮ್ ಶೀಟ್ (ಸಾಲದ ಷರತ್ತುಗಳ ಪಟ್ಟಿ) ಟ್ಯಾಕ್ಸ್‌ನವರ ಕಣ್ಣಿಗೆ ಬೀಳಬೇಕಿತ್ತು. ಬೀಳಲಿಲ್ಲ. ಟ್ರೆಜರಿಯವರು ಬಡ್ಡಿ ದರ ಅರ್ಧ ಪರ್ಸೆಂಟ್ ಇಳಿಯಿತೆಂದು ಗ್ಯಾರಂಟಿ ತಂದಿದ್ದರು. ಈಗ ಅದನ್ನು ತೆಗೆದರೆ ದರ ಎಷ್ಟು ಏರುತ್ತದೆ ಎಂದು ಬ್ಯಾಂಕನ್ನು ಕೇಳಿದ್ದಾರೆ. ಬರೀ ಗ್ಯಾರಂಟಿ ಪತ್ರ ವಾಪಸ್ ಪಡೆದರೆ ಸಾಲದು, ಪೇರೆಂಟ್ ಬೆನ್ನಿಗಿದೆ ಎಂಬ ಮಾತು ಇನ್ನಾವ ಪತ್ರದಲ್ಲೂ ಉಳಿಯಬಾರದು ಎಂದು ಮೇಲ್ ಹಾಕಿದ್ದೇನೆ.